ಗೂಟದ ಕ್ಲಾರಿ

ಕ್ಲಾರಿ ಪ್ಯಾಸ್ಕೋ ಸತ್ತು ಸ್ವರ್ಗಕ್ಕೆ ಹೋದರೆ ಮೊದಲು ಅಲ್ಲಿನ ಬಾಗಿಲ ಮೂಲೆಗೊಂದು ಗೂಟ ಹೊಡೆದು ಆಮೇಲೇ ಒಳಗೆ ಕಾಲಿಡುತ್ತಾನೆ ಎಂದು ನಮ್ಮ ಬರ್ರಗನ್ ಊರಿನವರು ಹೇಳುತ್ತಿದ್ದರು. ಇನ್ನೂ ಬಾಯಿ ಜೋರಿದ್ದವರು, "ಅವನ ಹೆಣದ ಪೆಟ್ಟಿಗೆ ಮನೆ ಸುತ್ತಿ ಬರೋವಾಗ ಯಾವ ಗೋಡೆಗೂ ತಾಗಲ್ಲ ಬಿಡ್ರಿ, ದಾರಿ ಆಗಲೇ ಮಾಡಿಟ್ಟಿದಾನೆ" ಅನ್ನುತ್ತಿದ್ದರು. ಇದೆಲ್ಲ ಅವನ ಬೆನ್ನ ಹಿಂದೆ ಆಡುವ ಮಾತೇನಲ್ಲ. ಅವನು ಎದುರಿಗೆ ನಿಂತಿದ್ದರೂ ಆಡುತ್ತಿದ್ದರು. ಅವನು ಹ್ಯಾಟನ್ನು ಒಂದಿಷ್ಟು ಹಿಂದಕ್ಕೆ ತಳ್ಳಿ, "ನಗ್ರಪ್ಪಾ, ನಗಿ. ನಿಮ್ಮ ಪೈಪು ಮಡಚ್ಕೊಂಡು ನೀರು ನಿಂತಾಗ ನಾನೂ ನಗ್ತೀನಿ" ಅನ್ನುತ್ತಿದ್ದ.

ಗೂಟದ ಕಥೆ ಶುರುವಾದದ್ದು ಒಂದು ಡೇಲಿಯಾ ಹೂವಿನಿಂದ. ಕ್ಲಾರಿಯ ಮನೆಗೆ ಇದ್ದದ್ದು ಒಂದೇ ನಲ್ಲಿ, ಅದೂ ರಸ್ತೆಯ ಕಡೆ, ಮೂಡಣ ಮೂಲೆಯಲ್ಲಿ. ಅವನ ಹೆಂಡತಿ ನೋಲಾ ಡೇಲಿಯಾ ಪಾತಿ ಮಾಡಿದ್ದು ಮನೆಯ ಸುತ್ತಲೂ. ಹಿತ್ತಲಿಗೆ ನೀರು ಬಿಡಬೇಕೆಂದರೆ ಪೈಪು ಎಳೆದುಕೊಂಡು ಮೂಲೆ ತಿರುಗಲೇಬೇಕು. ಪೈಪಿಗೆ ಮೂಲೆ ಎಲ್ಲಿ ಗೊತ್ತು? ಎಳೆದವರ ಕೈ ಎಲ್ಲಿದೆಯೋ ಅಲ್ಲಿಗೆ ಅಡ್ಡದಾರಿ ಹಿಡಿದು, ಪಾತಿಯ ಮೇಲೇ ಹಾದು ಬರುತ್ತದೆ. ಹೂವಿನ ಪ್ರದರ್ಶನದ ಹಿಂದಿನ ದಿನ, ಊಟದ ತಟ್ಟೆಯಷ್ಟು ಅಗಲದ ಒಂದು ಕೆಂಪು ಡೇಲಿಯಾವನ್ನು ಕ್ಲಾರಿಯ ಪೈಪು ಕತ್ತು ಮುರಿದು ಮಲಗಿಸಿತು. ನೋಲಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಳ್ಳೆಯದೇ ಆಗುತ್ತಿತ್ತು. ಅವಳು ಆ ಹೂವನ್ನು ತಟ್ಟೆಗೆ ಹಾಕಿ, ಪಕ್ಕದಲ್ಲಿ ಚಾಕು ಮುಳ್ಳುಚಮಚ ಜೋಡಿಸಿ, ರಾತ್ರಿಯ ಊಟ ಅಂತ ಅವನ ಮುಂದಿಟ್ಟಳು.

ಮರುದಿನವೇ ಕ್ಲಾರಿ ಗೂಟ ಹೊಡೆಯಲು ನಿಂತ. ಅವನು ದುಡಿದದ್ದು ರೈಲು ಹಳಿಯ ಗ್ಯಾಂಗಿನಲ್ಲಿ. ತಿರುವುಗಳಲ್ಲಿ ಹಳಿ ಜರುಗಿದೆಯೇ ಎಂದು ನೋಡಿಕೊಂಡು, ಬಡಿದು ಸರಿಮಾಡುವುದು ಅವನ ಕೆಲಸವಾಗಿತ್ತು. "ನೆಟ್ಟಗೆ ಹೋಗೋಕೆ ಯಾರ ಹಂಗೂ ಬೇಡ ಕಣಮ್ಮ. ತಿರುಗೋ ಜಾಗದಲ್ಲೇ ಎಲ್ಲ ಹಳಿ ತಪ್ಪೋದು" ಅಂತ ನನಗೆ ಹೇಳಿದ್ದ. ಪ್ರತಿ ಮೂಲೆಯಲ್ಲೂ ಕಬ್ಬಿಣದ ಸರಳೊಂದನ್ನು ನೆಲಕ್ಕೆ ಜಡಿದ. ನೋಲಾ ಮೊದಲು ಕೆಲಸ ಮಾಡುತ್ತಿದ್ದ ಉಣ್ಣೆ ಗಿರಣಿಯಿಂದ ನೂಲು ಸುತ್ತುವ ಮರದ ಉರುಳೆಗಳನ್ನು ತಂದು ಒಂದೊಂದು ಸರಳಿಗೂ ಪೋಣಿಸಿದ. ಪೈಪು ಎಳೆದರೆ ಉರುಳೆ ಗಿರಗಿರ ತಿರುಗುತ್ತಿತ್ತು, ಪೈಪು ಹಾವಿನ ಹಾಗೆ ಮೂಲೆ ದಾಟುತ್ತಿತ್ತು, ಹೂವಿನ ಒಂದೆಸಳಿಗೂ ತಾಗುತ್ತಿರಲಿಲ್ಲ.

ಊರಿನವರ ಕಾಲಿಗೆ ಮಾತ್ರ ತಾಗುತ್ತಿತ್ತು. ರಸ್ತೆಯ ಗೇಟು ಇದ್ದದ್ದು ಪಡುವಣ ಮೂಲೆಯ ಹತ್ತಿರ. ಅಲ್ಲಿನ ಗೂಟಕ್ಕೆ ಎಡವಿ ಅಂಚೆಯವನು ಮಕಾಡೆ ಬಿದ್ದ, ಪ್ಯಾಂಟು ಮಂಡಿಯವರೆಗೆ ಹರಿಯಿತು. ನೋಲಾ ಅವನಿಗೆ ಟೀ ಕೊಟ್ಟು, ಪ್ಯಾಂಟು ಹೊಲಿದುಕೊಟ್ಟು ಕಳಿಸಿ, ಗಂಡನ ಕಡೆ ತಿರುಗಿದಳು.

"ಗೇಟಿನ ಮೂಲೇದು ಇವತ್ತೇ ಹೋಗ್ಬೇಕು ಮುದುಕ. ಅದಾದ್ರೂ ಹೋಗ್ಲಿ, ನೀನಾದ್ರೂ ಹೋಗು."

"ಅದನ್ನ ಕೀಳೋದು ಕಷ್ಟ ಕಣೇ. ಆಳಕ್ಕೆ ಹೊಡ್ದಿದೀನಿ."

"ಹಾಗಾದ್ರೆ ನಿನ್ನೇ ಕೀಳ್ತೀನಿ."

ಗೂಟ ಹೋಯಿತು. ಆ ಕಡೆಯಿಂದ ಪೈಪು ತರುವ ಪ್ರಸಂಗವೇ ಅಪರೂಪ ಎಂದು ಕ್ಲಾರಿ ಸಮಾಧಾನ ಹೇಳಿಕೊಂಡ.

ಅವರ ಪಕ್ಕದ ಮನೆಯೇ ನಮ್ಮದು, ನಡುವೆ ಒಂದು ಬೇಲಿ. ಹಲಗೆ ಗೋಡೆ, ತಗಡಿನ ಸೂರಿನ ಅವರ ಮನೆಯನ್ನು ಕ್ಲಾರಿ ತಾನೇ ಕಟ್ಟಿದ್ದು. ರೈಲ್ವೆಯ ರಜಾ ದಿನಗಳಲ್ಲಿ ಒಂದು ಗೋಡೆ, ಇನ್ನೊಂದು ಬೇಸಿಗೆಯಲ್ಲಿ ಇನ್ನೊಂದು ಗೋಡೆ. ಅಲ್ಲಿಯವರೆಗೆ ಗಂಡಹೆಂಡತಿ ಹಿತ್ತಲ ಕೊಟ್ಟಿಗೆಯಲ್ಲಿ ಸಂಸಾರ ಹೂಡಿದ್ದರಂತೆ. ಆ ಮನೆ ಬಿಟ್ಟು ಬೇರೆ ಸೂರಿನ ಕೆಳಗೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮೆಲ್ಬರ್ನಿನ ತಂಗಿಯ ಮನೆಗೆ ಹೋದರೂ ಕೊನೆಯ ರೈಲು ಹಿಡಿದು ವಾಪಸು ಬಂದುಬಿಡುತ್ತಿದ್ದ.

ಈಗ ಬೆಂಕಿ ಬಿದ್ದ ಆ ಫೆಬ್ರವರಿಯ ದಿನಕ್ಕೆ ಬರುತ್ತೇನೆ. ನಮ್ಮ ಕಡೆ ಫೆಬ್ರವರಿ ಅಂದರೆ ಕಡುಬೇಸಿಗೆ.

ಮಳೆ ಕಾಣದೆ ಹುಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಬಡಗಣ ಗಾಳಿ ಬೆಳಗಿನಿಂದಲೇ ಒಳನಾಡಿನ ಮರಳುಗಾಡನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಬೀಸುತ್ತಿತ್ತು. ಅಂಥ ದಿನ ನಮ್ಮಲ್ಲಿ ಬೆಳಕು ಹರಿಯುತ್ತಲೇ ಕಿಟಕಿ ಬಾಗಿಲು ಮುಚ್ಚಿ, ಪರದೆ ಎಳೆದು, ಮನೆಯನ್ನು ಗುಹೆ ಮಾಡಿಕೊಂಡು ಕೂರುತ್ತೇವೆ. ಸಂಜೆ ತೆಂಕಣ-ಪಡುವಣದ ತಂಪು ಗಾಳಿ ತಿರುಗುತ್ತದೆ. ಅದು ಬಂತೆಂದರೆ ಇಡೀ ಊರು ಒಟ್ಟಿಗೆ ಉಸಿರು ಬಿಟ್ಟ ಹಾಗೆ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಿಟಕಿಗಳು ದಡದಡ ತೆರೆದುಕೊಳ್ಳುತ್ತವೆ. ಚಿಕ್ಕ ಮಕ್ಕಳೂ ಹೇಳಿಸಿಕೊಳ್ಳದೆ ಓಡಿಹೋಗಿ ಕಿಟಕಿಯ ಜಾರುಗಾಜನ್ನು ಮೇಲಕ್ಕೆ ಎತ್ತುತ್ತವೆ.

ಮಧ್ಯಾಹ್ನದ ಹೊತ್ತಿಗೆ ಬಡಗಣದ ಗುಡ್ಡದ ಹಿಂದೆ ಹೊಗೆ ಎದ್ದಿತು. ನನ್ನ ಗಂಡ ರಾಸ್ ಊರಿನ ಬೆಂಕಿ ಆರಿಸುವ ಲಾರಿಯ ಜೊತೆ ಕಾವಲಿಗೆಂದು ಬೆಳಗ್ಗೆಯೇ ಹೋಗಿದ್ದ, ನಮ್ಮ ಕಾರೂ ಅವನ ಜೊತೆ ಹೋಗಿತ್ತು. ಪ್ಯಾಸ್ಕೋ ಗಂಡಹೆಂಡತಿ ನನ್ನನ್ನು ಕೂರಿಸಿಕೊಂಡು ಅವರ ಹಳೇ ಕಾರಿನಲ್ಲಿ ಹೊರಟರು. ನೋಲಾಳ ಹಟಕ್ಕೆ ಹೊರಟದ್ದು, ಕ್ಲಾರಿಗೆ ಮನಸ್ಸಿರಲಿಲ್ಲ. ಸೇತುವೆಯ ಹತ್ತಿರ ಹೋಗುವಷ್ಟರಲ್ಲಿ ದೊಡ್ಡದೊಂದು ನೀಲಗಿರಿ ಮರ ಗಾಳಿಗೆ ಮುರಿದು ರಸ್ತೆಗೆ ಅಡ್ಡ ಬಿದ್ದಿತ್ತು. ಊರಿನಿಂದ ಹೊರಗೆ ಇದ್ದದ್ದು ಅದೊಂದೇ ದಾರಿ.

"ಹೂಂ, ಮುಗೀತು. ಇನ್ನು ಮನೇನೇ ಗತಿ" ಅಂತ ಕ್ಲಾರಿ ಕಾರು ತಿರುಗಿಸಿದ. "ಎನಿಡ್, ನಿಮ್ಮನೆ ಮರದ ಕೆಳಗಿದೆ, ಅಲ್ಲಿ ಇರಬೇಡ. ನಮ್ಮನೇಲೇ ಇರು. ಬೆಂಕಿ ಬಂದ್ರೆ ಅದು ಹಾದುಹೋಗೋವರ್ಗೆ ಮನೆ ನಿಂತಿದ್ರೆ ಸಾಕು, ನಾವು ಉಳ್ಕೋತೀವಿ. ಮನೆ ಮೊದ್ಲೇ ಹತ್ಕೊಂಡ್ರೆ ನಾವೂ ಇಲ್ಲ."

ಇಷ್ಟನ್ನು ಅವನು ಮಾಂಸದಂಗಡಿಯ ದರ ಹೇಳುವವನ ಹಾಗೆ ಹೇಳಿದ. 

ಮನೆಗೆ ಬಂದದ್ದೇ ಮೂವರಿಗೂ ಕೈತುಂಬ ಕೆಲಸ. ಸೂರಿನಂಚಿನ ತಗಡು ದೋಣಿಗಳಿಂದ ಮಳೆನೀರು ಇಳಿಯುವ ಕೊಳವೆಗಳಿಗೆ ಟೆನ್ನಿಸ್ ಚೆಂಡು ತುರುಕಿ, ಕಿಡಿ ಬಿದ್ದರೆ ಅಲ್ಲೇ ಆರಲಿ ಎಂದು ದೋಣಿ ತುಂಬ ನೀರು ನಿಲ್ಲಿಸಿದೆವು. ಸ್ನಾನದ ತೊಟ್ಟಿ ತುಂಬಿಸಿದೆವು. ಉಣ್ಣೆ ಕಂಬಳಿ ನೆನೆಸಿ ಬಾಗಿಲ ಸಂದಿಗೆ ಒತ್ತಿದೆವು. ಉಣ್ಣೆಗೆ ಬೇಗ ಬೆಂಕಿ ಹತ್ತುವುದಿಲ್ಲವೆಂದು ಕ್ಲಾರಿ ಆ ಉರಿಸೆಖೆಯಲ್ಲಿ ರೈಲ್ವೆಯ ದಪ್ಪ ಉಣ್ಣೆ ಕೋಟು ತೊಟ್ಟು ಗುಂಡಿ ಹಾಕಿಕೊಂಡ.

"ಮದುವೆಗೆ ಹೊರಟ ಹಾಗಿದೀಯ" ಅಂದಳು ನೋಲಾ.

"ಮದುವೇಲಿ ಇಷ್ಟು ಭಯ ಇರ್ಲಿಲ್ಲ ಕಣೇ."

"ಇತ್ತು. ನಾನು ನೋಡಿದೀನಿ."

ಮೊದಲು ಬಂದದ್ದು ಕಿಡಿಗಳು. ಗಾಳಿಯಲ್ಲಿ ಹೊತ್ತಿದ ತೊಗಟೆ ಚೂರುಗಳು ಹಕ್ಕಿಗಳ ಹಾಗೆ ಹಾರಿಬಂದು ಹಿತ್ತಲಲ್ಲಿ ಇಳಿದವು. ಕ್ಲಾರಿ ಪೈಪಿನ ಮೂತಿ ಹಿಡಿದು ಮೂಡಣ ಗೋಡೆಯ ಗುಂಟ ಓಡಿದ. ನಾನು ಹಿಂದಿನಿಂದ ಪೈಪು ಬಿಟ್ಟುಕೊಡುತ್ತ ಬಂದೆ. ಹಿತ್ತಲ ಮೂಲೆಯ ಉರುಳೆ ಗಿರ್ರನೆ ತಿರುಗಿತು, ಪೈಪು ಒಂದು ಕ್ಷಣವೂ ತಡೆಯಲಿಲ್ಲ. ಕೋಳಿಗೂಡಿನ ಹುಲ್ಲು, ಸೌದೆ ರಾಶಿ, ಮೆಟ್ಟಿಲ ಕೆಳಗಿನ ಒಣ ಎಲೆ, ಹೀಗೆ ಎಲ್ಲಿ ಹೊತ್ತಿದರೂ ಅಲ್ಲಿಗೆ ನೀರು ತಲುಪಿತು. ಈ ಗೂಟಗಳನ್ನು ನೋಡಿ ನಕ್ಕವರಲ್ಲಿ ನನ್ನ ಗಂಡನೂ ಒಬ್ಬ. ಅವನೀಗ ಇಲ್ಲಿರಬೇಕಿತ್ತು ಅನ್ನಿಸಿತು.

ನಿಜವಾದ ಬೆಂಕಿ ನಮ್ಮ ಮೇಲೆ ಬರಲಿಲ್ಲ. ಊರಿನ ಪಡುವಣದ ಹುಲ್ಲುಗಾವಲುಗಳಲ್ಲಿ, ಬಡಗಣದಿಂದ ತೆಂಕಣಕ್ಕೆ, ಉದ್ದನೆಯ ಹಾವಿನ ಹಾಗೆ ಓಡಿಹೋಯಿತು. ಅದರ ಪಕ್ಕೆಯಷ್ಟೇ ನಮಗೆ ಕಾಣುತ್ತಿತ್ತು. ಮರಗಳಾಚೆ ಕೆಂಪಗೆ ಒಂದು ಗೆರೆ. ಹಾರಿಬರುವ ಕಿಡಿಗಳು ಕಡಿಮೆಯಾದವು.

ನೋಲಾ ಅಡುಗೆಮನೆ ಬಾಗಿಲಿನಿಂದ ಮುಖ ಹೊರಗೆ ಹಾಕಿ, "ದಾಟ್ಕೊಂಡು ಹೋಯ್ತಲ್ವಾ?" ಅಂದಳು.

"ಗಾಳಿ ಇನ್ನೂ ತಿರುಗಿಲ್ಲ" ಅಂದ ಕ್ಲಾರಿ. ಅವನ ಕಣ್ಣು ಆ ಕೆಂಪು ಗೆರೆಯ ಮೇಲೇ ಇತ್ತು. "ತೆಂಕಣ-ಪಡುವಣದ ಗಾಳಿ ಬಂದ್ರೆ ಆ ಹಾವಿನ ಇಡೀ ಮೈ ಪಕ್ಕಕ್ಕೆ ಹೊರಳುತ್ತೆ. ಆಗ ಅದರ ಬಾಯಿ ಊರಿನಷ್ಟು ಅಗಲ."

"ಒಳ್ಳೇ ಮಾತೇ ಬರಲ್ಲ ನಿನ್ನ ಬಾಯಲ್ಲಿ" ಎನ್ನುತ್ತ ನೋಲಾ ಒಳಗೆ ಹೋದಳು. ಅವಳ ಸೊಂಟ ನೋಯುತ್ತಿತ್ತು. ಆ ಮುಚ್ಚಿದ ಮನೆಯೊಳಗೆ, ಹೊಗೆಯ ಮಬ್ಬಿನಲ್ಲಿ, ಕುದಿಯುವ ಪಾತ್ರೆಯೊಳಗೆ ನಿಂತ ಹಾಗೆ ಅವಳು ಬೆಳಗಿನಿಂದ ಓಡಾಡುತ್ತಿದ್ದಳು.

ಆಮೇಲೆ ಗಾಳಿ ನಿಂತಿತು. ಎಲೆಗಳು ಅಲುಗಲಿಲ್ಲ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಮರುಗಳಿಗೆಯಲ್ಲಿ ನನ್ನ ಬೆವರಿದ ಕುತ್ತಿಗೆಗೆ ತಣ್ಣಗೆ ಏನೋ ಸೋಕಿತು. ಇಡೀ ದಿನ ಕಾದ ತಂಪು. ನನಗೆ ಅರಿವಿಲ್ಲದೆ ಕಣ್ಣುಗಳು ಮುಚ್ಚಿಕೊಂಡವು. "ಬಂತು! ತಂಪು ಬಂತು!" ಅಂದೇಬಿಟ್ಟೆ.

"ಪೈಪು ವಾಪಸ್ಸು ಎಳಿ!" ಎಂದು ಕ್ಲಾರಿ ಕಿರುಚಿದ. "ಎಳಿ ಹುಡುಗಿ, ಪಡುವಣದ ಗೋಡೆಗೆ ಹೋಗ್ಬೇಕು!"

ಹಿತ್ತಲ ಕಡೆಯಿಂದ ಸುತ್ತಿ ಹೋದರೆ ಪೈಪಿನ ಉದ್ದ ಸಾಲದು. ನಲ್ಲಿಯ ಹತ್ತಿರಕ್ಕೆ ವಾಪಸು ಎಳೆದು, ರಸ್ತೆಯ ಕಡೆಯಿಂದ, ಗೇಟಿನ ಮೂಲೆ ತಿರುಗಿಸಿ ಒಯ್ಯಬೇಕು. ಇಬ್ಬರೂ ಎಳೆದೆವು. ಹಿತ್ತಲ ಮೂಲೆಯ ಉರುಳೆ ಎಷ್ಟು ಸಲೀಸಾಗಿ ಪೈಪು ಕೊಟ್ಟಿತ್ತೋ ಅಷ್ಟೇ ಸಲೀಸಾಗಿ ಬಿಟ್ಟುಕೊಟ್ಟಿತು. ಮನೆಯ ಮುಂಭಾಗ ದಾಟಿ ಕ್ಲಾರಿ ಗೇಟಿನ ಮೂಲೆ ತಿರುಗಿ ಕಣ್ಮರೆಯಾದ. ಪೈಪು ಸರಸರನೆ ಅವನ ಹಿಂದೆ ಹೋಗಿ, ಗಕ್ಕನೆ ನಿಂತಿತು. ಗೂಟವಿಲ್ಲದ ಆ ಮೂಲೆಯಲ್ಲಿ ಅದು ಜಗಲಿಯ ಅಡಿಗಲ್ಲಿನ ಸಂದಿಗೆ ನುಗ್ಗಿ, ಮಡಚಿಕೊಂಡು ಸಿಕ್ಕಿಕೊಂಡಿತ್ತು.

"ನೀರಿಲ್ಲ!" ಗೋಡೆಯಾಚೆಯಿಂದ ಅವನ ದನಿ ಬಂತು. "ಎನಿಡ್, ನೀರಿಲ್ಲ!"

ಓಡಿಹೋಗಿ ಬಿಡಿಸಿದೆ. ನೀರು ಹೋಯಿತು. ಅವನು ಎರಡು ಹೆಜ್ಜೆ ಮುಂದೆ ಹೋದದ್ದೇ ಮತ್ತೆ ಅದೇ ಸಂದಿಗೆ, ಮತ್ತೆ ಮಡಿಕೆ. ಎರಡನೆಯ ಸಲ ಬಿಡಿಸಿದಾಗ ನನಗೆ ತಿಳಿಯಿತು, ಇದು ಕೈಯ ಕೆಲಸವಲ್ಲ, ಇಲ್ಲಿ ಯಾರಾದರೂ ನಿಲ್ಲಲೇಬೇಕು. ಜಗಲಿಯ ಮೇಲೆ ಬಿದ್ದಿದ್ದ ಒದ್ದೆ ಕಂಬಳಿಯೊಂದನ್ನು ತಲೆಯ ಮೇಲೆ ಎಳೆದುಕೊಂಡು ಆ ಮೂಲೆಯಲ್ಲಿ ಕಾಲು ಅಗಲಿಸಿ ನಿಂತೆ. ಪೈಪನ್ನು ಸೊಂಟದ ಸುತ್ತ ಬಳಸಿಕೊಂಡೆ. ಅವನು ಎಳೆದಾಗ ಅದು ನನ್ನ ಮೈಯನ್ನು ಉಜ್ಜಿಕೊಂಡು ಹೋಗುತ್ತಿತ್ತು, ಅವನು ಹಿಂದೆ ಸರಿದಾಗ ನಾನು ಸಡಿಲ ಮಾಡುತ್ತಿದ್ದೆ. ನೀರು ಮತ್ತೆ ನಿಲ್ಲಲಿಲ್ಲ.

ಪಡುವಣದ ಬಯಲಾಚೆ ಆ ಕೆಂಪು ಗೆರೆ ಈಗ ಗೆರೆಯಾಗಿ ಉಳಿದಿರಲಿಲ್ಲ. ಅದು ಗೋಡೆಯಾಗಿ, ಮರಗಳಿಗಿಂತ ಎತ್ತರಕ್ಕೆ ಎದ್ದು, ನಮ್ಮ ಕಡೆಗೇ ನಡೆದು ಬರುತ್ತಿತ್ತು. ಸದ್ದು ಮೊದಲು ಕಾಲಿಗೆ ತಾಗಿತು, ಆಮೇಲೆ ಕಿವಿಗೆ. ಕ್ಲಾರಿ ಹಲಗೆಗಳಿಗೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೀರು ಹೊಡೆಯುತ್ತಿದ್ದ. ಅವನ ಕೋಟಿನಿಂದ ಹಬೆ ಏಳುತ್ತಿತ್ತು.

ಆಗ ನನ್ನ ಬೆನ್ನ ಹಿಂದೆ, ಮನೆಯ ಮುಂಭಾಗದಲ್ಲಿ, ಬಟ್ಟೆ ಪಟಪಟ ಹೊಡೆದುಕೊಂಡ ಸದ್ದಾಯಿತು. ತಿರುಗಿ ನೋಡಿದೆ. ರಸ್ತೆಯ ಕಡೆಯ ಕೋಣೆಯ ಕಿಟಕಿ ಪೂರ್ತಿ ಮೇಲಕ್ಕೆ ಸರಿದು ತೆರೆದಿತ್ತು. ಪರದೆ ಒಳಕ್ಕೆ ಹಾರಾಡುತ್ತಿತ್ತು, ಅಂಚಿನಲ್ಲಿ ಉರಿ ಹಿಡಿದಿತ್ತು.

ಅದನ್ನು ತೆರೆದದ್ದು ಒಳಗಿದ್ದವಳೇ. ತಂಪು ಬಂತು ಅಂದ ನನ್ನ ಕೂಗು ಒಳಗೆ ಕೇಳಿಸಿತೋ, ಇಲ್ಲ ಆ ತಂಪೇ ಬಾಗಿಲ ಸಂದಿಯಿಂದ ಅವಳ ಕಾಲಿಗೆ ಸೋಕಿತೋ, ನೋಲಾ ಹುಟ್ಟಿದಾಗಿನಿಂದ ಬೇಸಿಗೆಯ ಪ್ರತಿ ಸಂಜೆ ಮಾಡಿದ್ದನ್ನೇ ಮಾಡಿದ್ದಳು. ಕೈ ತಾನಾಗಿ ಹೋಗಿ ಕಿಟಕಿ ಎತ್ತಿತ್ತು.

"ಕ್ಲಾರಿ! ಮುಂದಿನ ಕೋಣೆ! ಒಳಗೆ ಹತ್ಕೊಂಡಿದೆ!"

ಅವನು ಮೂಲೆಗೆ ಬಂದು ಇಣುಕಿದ. ಸೋಫಾ ಹೊತ್ತಿಕೊಂಡಾಗಿತ್ತು. ಒಳಗೆ ನೋಲಾ ಬಕೆಟ್ಟಿನಿಂದ ನೀರು ಎರಚುತ್ತಿದ್ದಳು, ಆ ನೀರು ಎಲ್ಲಿಗೂ ಸಾಲುತ್ತಿರಲಿಲ್ಲ. ಪೈಪಿನ ಮೂತಿ ಕ್ಲಾರಿಯ ಕೈಯಲ್ಲೇ ಇತ್ತು. ನಾಲ್ಕು ಹೆಜ್ಜೆ ಈಚೆ ಬಂದು ಕಿಟಕಿಯೊಳಗೆ ನೀರು ಬಿಟ್ಟಿದ್ದರೆ ಆ ಕೋಣೆ ಆರುತ್ತಿತ್ತು. ನಾನು ಪೈಪು ಸಡಿಲಿಸಿ ದಾರಿ ಬಿಟ್ಟೆ. ಅವನು ಕಿಟಕಿ ನೋಡಿದ. ಹಿಂತಿರುಗಿ ಬಯಲು ನೋಡಿದ. ಬೆಂಕಿ ಬೇಲಿಗೆ ಬಂದಿತ್ತು. ಪಡುವಣದ ಹಲಗೆಗಳು ಆಗಲೇ ಒಣಗಿ ಹೊಗೆಯಾಡತೊಡಗಿದ್ದವು. ಅದು ಹತ್ತಿದರೆ ಒಂದು ಕೋಣೆಯಲ್ಲ, ಇಡೀ ಮನೆ ಒಂದೇ ಉಸಿರಿಗೆ ಹೋಗುತ್ತದೆ, ಅದೂ ಬೆಂಕಿಯ ಗೋಡೆ ನಮ್ಮ ತಲೆಯ ಮೇಲಿರುವಾಗಲೇ.

"ನೋಲಾ!" ಅಂತ ಕೂಗಿದ. ಅಷ್ಟು ದೊಡ್ಡ ದನಿ ಅವನಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. "ಆ ಕೋಣೆ ಬಿಡು! ಬಾಗಿಲು ಹಾಕ್ಕೊಂಡು ಅಡುಗೆಮನೆಗೆ ಹೋಗು! ಕಂಬಳಿ ಒತ್ತು!"

"ಮನೆ ಹೋಗುತ್ತೆ ಕಣೋ!"

"ಹೋಗ್ಲಿ! ನಿಧಾನಕ್ಕೆ ಹೋಗ್ಲಿ ಅಂತಾನೇ ಹೇಳ್ತಿರೋದು! ಬಾಗಿಲು ಹಾಕು!"

ಮತ್ತೆ ನನಗೆ, "ಮೂಲೆ ಬಿಡಬೇಡ" ಅಂದು ಪಡುವಣ ಗೋಡೆಗೆ ಹೋದ.

ನಾನು ಬಿಡಲಿಲ್ಲ. ಕಂಬಳಿಯೊಳಗೆ ನನ್ನ ಕೂದಲು ಸುಟ್ಟ ವಾಸನೆ ಬರುತ್ತಿತ್ತು. ಬೆನ್ನ ಕಡೆ ಮನೆಯೊಳಗಿನ ಬೆಂಕಿ, ಎದುರಿಗೆ ಬಯಲಿನ ಬೆಂಕಿ, ನಡುವೆ ನನ್ನ ಸೊಂಟದ ಸುತ್ತ ತಣ್ಣಗೆ ಹರಿಯುವ ನೀರು. ಬೇಲಿಯ ಹತ್ತಿರ ಪೈಪು ಕರಗಿ ಒಡೆಯುವವರೆಗೂ ಅವನು ಆ ಗೋಡೆ ನೆನೆಸಿದ. ಒಡೆದದ್ದೇ ಮೂತಿ ಎಸೆದು ಓಡಿಬಂದು, ನನ್ನ ತೋಳು ಹಿಡಿದು, ಮೂಡಣ ಕಡೆಯಿಂದ ಸುತ್ತಿಸಿ ಅಡುಗೆಮನೆಯೊಳಗೆ ನೂಕಿದ. ಬಾಗಿಲು ಮುಚ್ಚಿದೆವು. ಹೊರಗೆ ಕತ್ತಲಾಯಿತು, ಆಮೇಲೆ ಕಿಟಕಿಯ ಗಾಜು ಕಿತ್ತಳೆ ಬಣ್ಣಕ್ಕೆ ತಿರುಗಿತು.

ನೋಲಾ ಒಳಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಅವಳ ತಲೆಯ ಮೇಲೆ ಬಾಗಿಲ ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತಿತ್ತು. ಬಾಗಿಲಾಚೆ ಅವಳ ಪಿಂಗಾಣಿಗಳು ಒಂದೊಂದಾಗಿ ಸಿಡಿಯುವ ಸದ್ದು. ಹೊರಗೆ, ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಗೂಡ್ಸು ರೈಲಿನ ಸದ್ದು.

"ಹೊರಗೆ ಹೋಗೋಣ ಕ್ಲಾರಿ, ಉಸಿರು ಕಟ್ತಿದೆ" ಎಂದೆ.

ಅವನು ಪಡುವಣದ ಗೋಡೆಗೆ ಅಂಗೈ ಒತ್ತಿ ನಿಂತಿದ್ದ, ಹಸುವಿನ ಹೊಟ್ಟೆ ಮುಟ್ಟಿ ನೋಡುವವನ ಹಾಗೆ. "ಈಗ ಹೋದ್ರೆ ಹುರಿದು ಹೋಗ್ತೀವಿ. ಈ ಗೋಡೆ ನಿಂತಿದೆ. ಇನ್ನೂ ನಿಂತಿದೆ. ನೆಲಕ್ಕೆ ಬಾಯಿ ಹತ್ರ ಇಟ್ಕೊಂಡು ಉಸಿರಾಡು."

ನೆಲಕ್ಕೆ ಮುಖ ಇಟ್ಟು ಮಲಗಿದೆವು. ಎಷ್ಟು ಹೊತ್ತೋ. ಒಳಬಾಗಿಲ ಕೆಳಸಂದಿಯಲ್ಲಿ ಕಂಬಳಿ ಹೊಗೆಯಾಡುತ್ತ ಕಪ್ಪಗಾಗುತ್ತಿತ್ತು. ನೋಲಾ ಅದರ ಮೇಲೆ ಅಂಗೈಯಲ್ಲಿ ನೀರು ಹನಿಸುತ್ತಲೇ ಇದ್ದಳು. ಸೂರಿನ ತಗಡು ಕಿರುಗುಟ್ಟಿತು. ನಾನು ರಾಸ್‌ನ ಹೆಸರು ಹೇಳಿದೆನೋ ದೇವರ ಹೆಸರು ಹೇಳಿದೆನೋ ನೆನಪಿಲ್ಲ.

ಆ ಗೂಡ್ಸು ಸದ್ದು ಪಡುವಣದಿಂದ ತಲೆಯ ಮೇಲೆ ಬಂದು, ಮೆಲ್ಲಗೆ ಮೂಡಣಕ್ಕೆ ಜಾರಿತು. ಕಿಟಕಿಯ ಕಿತ್ತಳೆ ಬಣ್ಣ ಬೂದಿಯಾಯಿತು. ಕ್ಲಾರಿ ಹೊರಬಾಗಿಲನ್ನು ಒಂದು ಬೆರಳಷ್ಟು ತೆರೆದು ನೋಡಿದ. ಹಿತ್ತಲು ಕಪ್ಪಾಗಿತ್ತು. ಬೇಲಿಯ ಕಂಬಗಳು ಮೇಣದ ಬತ್ತಿಗಳ ಹಾಗೆ ಉರಿಯುತ್ತಿದ್ದವು. ನೆಲದ ಮೇಲೆ ಸುಡಲು ಇನ್ನೇನೂ ಉಳಿದಿರಲಿಲ್ಲ.

"ಈಗ" ಅಂದ.

ನಾನು ಮೊದಲು ಓಡಿದೆ. ಆಲೂಗಡ್ಡೆ ಪಾತಿಯ ನಡುವೆ ನಿಂತು ತಿರುಗಿ ನೋಡಿದರೆ ಮನೆಯ ಮುಂಭಾಗದ ಸೂರು ಆಗಲೇ ಬಾಗಿತ್ತು. ತೆರೆದ ಬಾಗಿಲಲ್ಲಿ ನೋಲಾ ಕೂತಲ್ಲೇ ಕೂತಿರುವುದು ಕಾಣುತ್ತಿತ್ತು.

"ನಾನೇ ತೆಗೆದೆ ಕ್ಲಾರಿ. ಕಿಟಕಿ ನಾನೇ ತೆಗೆದೆ."

"ಗೊತ್ತು ಕಣೇ."

"ನನ್ನ ಕೈ ಮುರೀಲಿ."

"ಸೆಖೆ ಇತ್ತಲ್ಲ" ಅಂದ ಅವನು. "ಏಳು. ನನ್ನ ಕುತ್ತಿಗೆ ಹಿಡ್ಕೋ."

ಎತ್ತಿಕೊಂಡು ತಂದ. ಮೆಟ್ಟಿಲ ಕೊನೆಗೆ ಇಳಿಸಿದ್ದೇ ಅವಳು "ಅಯ್ಯೋ" ಅಂತ ಕಾಲು ಎತ್ತಿಕೊಂಡಳು. ಅವಳ ಕಾಲಲ್ಲಿದ್ದದ್ದು ಮನೆಯೊಳಗೆ ಹಾಕುವ ತೆಳ್ಳನೆಯ ಚಪ್ಪಲಿ, ನೆಲ ಕೆಂಡವಾಗಿತ್ತು. ಕ್ಲಾರಿ ಅವಳನ್ನು ಮತ್ತೆ ಮೆಟ್ಟಿಲ ಕಲ್ಲಿನ ಮೇಲೆ ನಿಲ್ಲಿಸಿ, "ಅಲ್ಲಾಡಬೇಡ" ಅಂದು ಒಳಗೆ ಹೋದ.

"ಬೇಡ ಕ್ಲಾರಿ, ಬನ್ನಿ!" ಎಂದು ಕೂಗಿದೆ. ಒಳಬಾಗಿಲು ಆಗ ಬಿತ್ತು. ಹೊಗೆ ಮುದ್ದೆಯಾಗಿ ಹೊರಗೆ ಬಂತು. ನೋಲಾ ಬಾಯಿಗೆ ಏಪ್ರನ್ನಿನ ತುದಿ ಒತ್ತಿಕೊಂಡು ಆ ಹೊಗೆಯನ್ನೇ ನೋಡುತ್ತಿದ್ದಳು. 

ಹೊಗೆಯೊಳಗೆ ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಒಂದು ಕೈ ಬಾಗಿಲ ಚೌಕಟ್ಟನ್ನು ತಡವಿ ಹಿಡಿಯಿತು. ಇನ್ನೊಂದು ಕೈಯಲ್ಲಿ ನೋಲಾಳ ತೋಟದ ರಬ್ಬರ್ ಬೂಟುಗಳು ಜೋತಾಡುತ್ತಿದ್ದವು. ಕ್ಲಾರಿ ಪ್ಯಾಸ್ಕೋ ತಲೆ ಬಗ್ಗಿಸಿ, ತಾನು ಕಟ್ಟಿದ ಮನೆಯಿಂದ ಹೊರಗೆ ಬಂದ.